ಪರರ ಮಾತು, ತನ್ನ ವಾಕ್ಯ: ಕಲಬುರಗಿ ಸೀಮೆಯ ಶೈಕ್ಷಣಿಕ ಇಂಗ್ಲಿಷ್ ಬೋಧನೆಯ ವಿಮರ್ಶೆ

ಸಾರಾಂಶ

ವಿಶ್ವವಿದ್ಯಾಲಯದ ಓದಿಗೆ ಬೇಕಾದ ಇಂಗ್ಲಿಷನ್ನು ಕಲಿಸುವ ಪ್ರಚಲಿತ ಕ್ರಮಗಳು ವಿದ್ಯಾರ್ಥಿಯ ತೊಡಕನ್ನು ವ್ಯಾಕರಣದ ಕೊರತೆ, ಶಬ್ದದ ಕೊರತೆ ಅಥವಾ ಚೌಕಟ್ಟಿನ ಕೊರತೆ ಎಂದು ಗ್ರಹಿಸುತ್ತವೆ. ಕಲಬುರಗಿ ನಗರ ಮತ್ತು ಕಮಲಾಪುರ ಪರಿಸರವನ್ನು ಮುಂದಿಟ್ಟುಕೊಂಡು ಈ ಗ್ರಹಿಕೆಯನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ. ಪರರ ಮಾತನ್ನು ಪರರದೆಂದೇ ಗುರುತಿಸುತ್ತ ತನ್ನ ವಾಕ್ಯದೊಳಗೆ ತರುವುದು ಶೈಕ್ಷಣಿಕ ಬರವಣಿಗೆಯ ಕೇಂದ್ರ ಕ್ರಿಯೆ. ಈ ಕ್ರಿಯೆಗೆ ಬೇಕಾದ ವ್ಯಾಕರಣ ವಿದ್ಯಾರ್ಥಿಯ ಮನೆಮಾತಿನಲ್ಲಿ ಈಗಾಗಲೇ ಇದೆ. ಬೋಧನೆ ಅದನ್ನು ಬಳಸಿಕೊಂಡಿಲ್ಲ ಎಂಬುದು ನಮ್ಮ ವಾದ.

1. ಸಮಸ್ಯೆಯ ಸ್ವರೂಪ

ಕಮಲಾಪುರವು ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯ ಮೇಲಿದೆ; ದೂರ 40 ಕಿ.ಮೀ.ಗಿಂತ ಕಡಿಮೆ. ಆದರೆ ಅಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಯೊಬ್ಬಳು 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯಕ್ಕೋ, 2009ರಲ್ಲಿ ಸ್ಥಾಪನೆಯಾಗಿ ಆಳಂದ ತಾಲೂಕಿನ ಕಡಗಂಚಿಯಲ್ಲಿ ನೆಲೆನಿಂತ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಪ್ರವೇಶ ಪಡೆದಾಗ ಕ್ರಮಿಸಬೇಕಾದ ಭಾಷಿಕ ದೂರ ಇದಕ್ಕಿಂತ ಬಹಳ ದೊಡ್ಡದು. ಸಂವಿಧಾನದ 371(ಜೆ) ವಿಧಿ ಈ ಪ್ರದೇಶದವರಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲು ಅವಕಾಶ ಕಲ್ಪಿಸಿದೆ. ಅದು ಪ್ರವೇಶದ ಬಾಗಿಲನ್ನು ತೆರೆಯಿತು. ಒಳಗೆ ಹೋದ ಮೇಲೆ ಯಾವ ಭಾಷೆಯಲ್ಲಿ, ಯಾವ ಬಗೆಯ ವಾಕ್ಯದಲ್ಲಿ ತನ್ನ ವಿಚಾರವನ್ನು ನಿಲ್ಲಿಸಬೇಕು ಎಂಬ ಪ್ರಶ್ನೆಗೆ ಯಾವ ವಿಧಿಯೂ ಉತ್ತರ ಕೊಡಲಾರದು. ಅದು ಬೋಧನೆಯ ಹೊಣೆ.

ಈ ಪ್ರಶ್ನೆಯ ತೀವ್ರತೆ ಈಗ ಹೆಚ್ಚಿದೆ. ಕೃತಿಚೌರ್ಯವನ್ನು ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಾವಳಿ ಪಠ್ಯಸಾಮ್ಯವನ್ನು ಹಂತಗಳಾಗಿ ವಿಂಗಡಿಸುತ್ತದೆ. ಶೇ. 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ. ಶೇ. 10ರಿಂದ 40ರವರೆಗಿದ್ದರೆ 6 ತಿಂಗಳ ಮಿತಿಯೊಳಗೆ ತಿದ್ದಿದ ಪ್ರತಿಯನ್ನು ಸಲ್ಲಿಸಬೇಕು. 40ರಿಂದ 60ರವರೆಗಿದ್ದರೆ ಒಂದು ವರ್ಷದವರೆಗೆ ಸಲ್ಲಿಕೆಗೆ ತಡೆ. 60ನ್ನು ಮೀರಿದರೆ ನೋಂದಣಿಯೇ ರದ್ದು. ಆಕರವನ್ನು ಸೂಚಿಸಿದ ಉದ್ಧರಣೆ ಈ ಲೆಕ್ಕದಿಂದ ಹೊರಗುಳಿಯುತ್ತದೆ. ಸಾಮಾನ್ಯ ಜ್ಞಾನದ ಅಥವಾ ಕಾಕತಾಳೀಯವಾದ ಪದಸರಣಿಯೂ ಸತತ 14 ಪದಗಳವರೆಗೆ ಹೊರಗುಳಿಯುತ್ತದೆ. ಹೀಗಾಗಿ ಒಂದೇ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟವನು ಸಂಶೋಧಕನೆನಿಸುತ್ತಾನೆ, ಇಡದವನು ಆರೋಪಿಯಾಗುತ್ತಾನೆ. ಇವರಿಬ್ಬರ ನಡುವಣ ಅಂತರವನ್ನು ನೀತಿಯ ಅಂತರವೆಂದು ನಿಯಮಾವಳಿ ಭಾವಿಸುತ್ತದೆ. ಅದರಲ್ಲಿ ವ್ಯಾಕರಣದ ಅಂತರವೂ ಇದೆ ಎಂಬುದನ್ನು ಭಾಷಾವಿಜ್ಞಾನಿಗಳಾದ ನಾವು ಹೇಳಬೇಕಾಗಿದೆ.

ಎರಡನೆಯ ಭಾಷೆಯಲ್ಲಿ ಬರೆಯುವವರ ಕೃತಿಚೌರ್ಯವನ್ನು ಕುರಿತ ಚರ್ಚೆ ಹೊಸತೇನಲ್ಲ. ಆಕರದ ವಾಕ್ಯದಲ್ಲಿ ಕೆಲವು ಪದಗಳನ್ನಷ್ಟೇ ಬದಲಿಸಿ ಜೋಡಿಸುವ ಬರವಣಿಗೆಯನ್ನು ರೆಬೆಕ್ಕಾ ಹೋವರ್ಡ್ 1990ರ ದಶಕದಲ್ಲಿ ‘ತೇಪೆ ಬರವಣಿಗೆ’ ಎಂಬರ್ಥದ ಹೆಸರಿನಿಂದ ಗುರುತಿಸಿದರು. ಅದು ಕಲಿಕೆಯ ಒಂದು ಹಂತವೆಂದು ವಾದಿಸಿದರು. ಇಂಥ ಬರವಣಿಗೆಯ ಹಿಂದೆ ವಂಚಿಸುವ ಉದ್ದೇಶ ಇರಲೇಬೇಕೆಂದಿಲ್ಲ ಎಂಬುದನ್ನು ಡಯಾನ್ ಪೆಕೊರಾರಿ 2003ರ ಅಧ್ಯಯನದಲ್ಲಿ ತೋರಿಸಿದರು. ಈ ಚರ್ಚೆ ತೇಪೆಯ ಇರವನ್ನು ಗುರುತಿಸಿದೆ. ಕನ್ನಡದ ಬರಹಗಾರ ಎಲ್ಲಿ, ಯಾಕೆ ತೇಪೆ ಹಾಕುತ್ತಾನೆ ಎಂಬುದನ್ನು ಕನ್ನಡದ ರಚನೆಯಿಂದ ಹೊರಟು ಕೇಳುವ ಕೆಲಸ ಉಳಿದಿದೆ.

2. ಪ್ರಚಲಿತ ಕ್ರಮಗಳ ಪರಿಶೀಲನೆ

ಮೇರಿ ಲೀ ಮತ್ತು ಬ್ರಯನ್ ಸ್ಟ್ರೀಟ್ 1998ರಲ್ಲಿ ವಿಶ್ವವಿದ್ಯಾಲಯದ ಬರವಣಿಗೆಯನ್ನು ನೋಡುವ ಮೂರು ದೃಷ್ಟಿಗಳನ್ನು ಬೇರ್ಪಡಿಸಿದರು: ಕೌಶಲದ ದೃಷ್ಟಿ, ಶಾಸ್ತ್ರಸಮುದಾಯಕ್ಕೆ ಒಗ್ಗಿಸುವ ದೃಷ್ಟಿ, ಅರ್ಥ ಮತ್ತು ಅಧಿಕಾರದ ಪ್ರಶ್ನೆಗಳನ್ನು ಒಳಗೊಳ್ಳುವ ಶೈಕ್ಷಣಿಕ ಸಾಕ್ಷರತೆಯ ದೃಷ್ಟಿ. ನಮ್ಮ ಪದವಿ ತರಗತಿಗಳಲ್ಲಿ ಇಂದಿಗೂ ಮೊದಲನೆಯದೇ ಪ್ರಬಲವಾಗಿದೆ. ‘ಕಮ್ಯೂನಿಕೇಷನ್ ಸ್ಕಿಲ್ಸ್’ ಎಂಬ ಹೆಸರಿನಡಿ ಸ್ವಪರಿಚಯ, ಅರ್ಜಿ, ಸಂದರ್ಶನ, ದೂರವಾಣಿ ಸಂಭಾಷಣೆಗಳನ್ನು ಕಲಿಸಲಾಗುತ್ತದೆ. ಇವು ಉದ್ಯೋಗಕ್ಕೆ ಬೇಕಾದವು. ಇವುಗಳ ಪ್ರಯೋಜನವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸಂದರ್ಶನದಲ್ಲಿ ವಿದ್ಯಾರ್ಥಿ ತನ್ನ ಬಗ್ಗೆ ತಾನೇ ಮಾತಾಡುತ್ತಾನೆ. ಪ್ರಬಂಧದಲ್ಲಿ ಅವನು ಇತರರು ಹೇಳಿದ್ದರ ನಡುವೆ ನಿಂತು ಮಾತಾಡಬೇಕು. ಮೊದಲನೆಯದನ್ನು ಎಷ್ಟು ಕಲಿತರೂ ಅದು ಎರಡನೆಯದಾಗಿ ಮಾರ್ಪಡುವುದಿಲ್ಲ.

ಎರಡನೆಯ ಕ್ರಮ ಶಬ್ದಸಂಪತ್ತಿನದು. ಅವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ 570 ಪದಕುಟುಂಬಗಳ ಶೈಕ್ಷಣಿಕ ಪದಪಟ್ಟಿ ಉಪಯುಕ್ತ ಸಾಧನ. ಅದನ್ನು ಕಂಠಪಾಠದ ಸಾಮಗ್ರಿಯಾಗಿ ಬಳಸಿದಾಗ ವಿದ್ಯಾರ್ಥಿಗೆ ಪದಗಳ ಅರ್ಥ ತಿಳಿಯುತ್ತದೆ. ಆ ಪದವನ್ನು ಬಳಸುವವನು ಯಾವ ನಿಲುವು ತಾಳುತ್ತಾನೆ ಎಂಬುದು ತಿಳಿಯುವುದಿಲ್ಲ. ಮೂರನೆಯದು ಚೌಕಟ್ಟಿನ ಕ್ರಮ. ಜಾನ್ ಸ್ವೇಲ್ಸ್ 1990ರಲ್ಲಿ ನಿರೂಪಿಸಿದ ಪ್ರಸ್ತಾವನೆಯ ಮೂರು ನಡೆಗಳು, ಅಂದರೆ ಕ್ಷೇತ್ರವನ್ನು ಗುರುತಿಸುವುದು, ಅದರಲ್ಲಿನ ತೆರಪನ್ನು ತೋರುವುದು, ಆ ತೆರಪಿನಲ್ಲಿ ತಾನು ನಿಲ್ಲುವುದು, ಸಂಶೋಧನ ವಿಧಾನದ ತರಗತಿಗಳಲ್ಲಿ ಸಿದ್ಧ ಅಚ್ಚುಗಳಾಗಿ ಇಳಿದಿವೆ. ತೆರಪನ್ನು ತೋರಬೇಕಾದರೆ ಹಿಂದಿನವರು ಏನು ಹೇಳಿದರು, ಎಷ್ಟು ದೃಢವಾಗಿ ಹೇಳಿದರು ಎಂಬುದನ್ನು ಬೇರ್ಪಡಿಸಲು ಬರಬೇಕು. ಅದು ಬಾರದವನ ಕೈಯಲ್ಲಿ ‘ಈ ವಿಷಯದಲ್ಲಿ ಅಧ್ಯಯನ ನಡೆದಿಲ್ಲ’ ಎಂಬ ವಾಕ್ಯವೇ ತೆರಪಾಗುತ್ತದೆ.

ಈ ಮೂರಕ್ಕಿಂತ ಹೆಚ್ಚು ಖೇದಕರವಾದದ್ದು ಶಾಲೆಯ ಇಂಗ್ಲಿಷ್ ವ್ಯಾಕರಣದ ಒಂದು ಪಾಠ. ‘ಡೈರೆಕ್ಟ್ ಸ್ಪೀಚ್’ ಅನ್ನು ‘ಇನ್‌ಡೈರೆಕ್ಟ್ ಸ್ಪೀಚ್’ಗೆ ಪರಿವರ್ತಿಸುವ ಅಭ್ಯಾಸವನ್ನು ನಮ್ಮ ಪ್ರೌಢಶಾಲೆಯ ಮಕ್ಕಳು ವರ್ಷಗಟ್ಟಲೆ ಮಾಡುತ್ತಾರೆ. ‘ಸೆಡ್ ಟು’ ಎಂಬುದು ‘ಟೋಲ್ಡ್’ ಆಗುತ್ತದೆ, ವರ್ತಮಾನ ಭೂತವಾಗುತ್ತದೆ, ‘ಟುಮಾರೋ’ ಎಂಬುದು ‘ದ ನೆಕ್ಸ್ಟ್ ಡೇ’ ಆಗುತ್ತದೆ. ಶೈಕ್ಷಣಿಕ ಬರವಣಿಗೆಗೆ ಅತ್ಯಂತ ಸಮೀಪದ ವ್ಯಾಕರಣಾಂಶ ಇದೇ. ಆದರೂ ಒಬ್ಬರ ಮಾತನ್ನು ಇನ್ನೊಬ್ಬರು ಯಾಕೆ ವರದಿ ಮಾಡುತ್ತಾರೆ, ಮಾಡುವಾಗ ಏನನ್ನು ಒಪ್ಪುತ್ತಾರೆ, ಏನನ್ನು ಒಪ್ಪುವುದಿಲ್ಲ ಎಂಬ ಪ್ರಶ್ನೆ ಆ ಪಾಠದಲ್ಲಿ ಏಳುವುದೇ ಇಲ್ಲ. ಶೈಕ್ಷಣಿಕ ಇಂಗ್ಲಿಷಿನಲ್ಲಿ ವರದಿಯ ಕ್ರಿಯಾಪದ ಅನೇಕ ವೇಳೆ ವರ್ತಮಾನದಲ್ಲಿಯೇ ಇರುತ್ತದೆ, ಕಾಲದ ಹಿಂಸರಿತ ಅಲ್ಲಿ ಬೇಕಾಗುವುದಿಲ್ಲ ಎಂಬುದನ್ನೂ ಅದು ಹೇಳುವುದಿಲ್ಲ. ಬಾಗಿಲಾಗಬಹುದಾಗಿದ್ದ ಪಾಠ ಹೀಗೆ ಯಾಂತ್ರಿಕ ಲೆಕ್ಕವಾಗಿ ಉಳಿದಿದೆ.

3. ‘ಎಂದು’ ಮಾಡುವ ಕೆಲಸ

ಕನ್ನಡದಲ್ಲಿ ವರದಿಯ ಕೆಲಸವನ್ನು ಮುಖ್ಯವಾಗಿ ‘ಎನ್ನು’ ಧಾತುವಿನಿಂದ ಹುಟ್ಟಿದ ರೂಪಗಳು ನಿರ್ವಹಿಸುತ್ತವೆ. ಇವುಗಳಲ್ಲಿ ಮೂರನ್ನು ಬೇರ್ಪಡಿಸಿ ನೋಡುವುದು ನಮ್ಮ ಉದ್ದೇಶಕ್ಕೆ ಸಾಕು: ಉದ್ಧರಣವಾಚಿಯಾದ ‘ಎಂದು’, ನಾಮೀಕರಿಸಿದ ‘ಎಂಬುದು’, ಶ್ರುತಸೂಚಕವಾದ ‘ಅಂತೆ’.

ಮೊದಲನೆಯದಾಗಿ, ‘ಎಂದು’ ಇರುವ ಉಪವಾಕ್ಯದಲ್ಲಿ ಪ್ರತ್ಯಕ್ಷ ಮತ್ತು ಪರೋಕ್ಷ ಕಥನಗಳ ಗಡಿ ಸಡಿಲವಾಗಿದೆ. ‘ಸಂಶೋಧಕಿ ನಾನು ಒಪ್ಪುವುದಿಲ್ಲ ಎಂದಳು’ ಎಂಬ ವಾಕ್ಯದಲ್ಲಿ ‘ನಾನು’ ಸಂಶೋಧಕಿಯನ್ನು ಸೂಚಿಸಬಲ್ಲದು. ಪುರುಷವನ್ನೂ ಕಾಲವನ್ನೂ ಬದಲಿಸಬೇಕಾಗಿಲ್ಲ. ಮಾತಾಡಿದವಳ ಪದಗಳನ್ನು ಇದ್ದಂತೆಯೇ ತಂದಿಟ್ಟು ಕೊನೆಯಲ್ಲಿ ‘ಎಂದಳು’ ಎಂದರೆ ಸಾಕು, ಅದು ಪರರ ಮಾತೆಂದು ಕೇಳುಗನಿಗೆ ತಿಳಿಯುತ್ತದೆ. ಅಂದರೆ ‘ಎಂದು’ ಸ್ವತಃ ಒಂದು ಉದ್ಧರಣ ಚಿಹ್ನೆಯ ಕೆಲಸವನ್ನು ಮಾಡುತ್ತದೆ. ಇಂಗ್ಲಿಷಿನ ‘ದಟ್’ಗೆ ಆ ಶಕ್ತಿಯಿಲ್ಲ. ‘ದಟ್’ನ ಮುಂದೆ ಬರುವ ಮಾತುಗಳು ವರದಿಗಾರನ ಸ್ವಂತ ಪದಗಳೆಂದು ಶೈಕ್ಷಣಿಕ ಓದುಗ ಭಾವಿಸುತ್ತಾನೆ, ಆಕರದ ಪದಗಳೇ ಆಗಿದ್ದರೆ ಚಿಹ್ನೆ ಬೇಕೇ ಬೇಕು. ‘ಎಂದು’ ಮತ್ತು ‘ದಟ್’ ಸಮಾನವೆಂದು ಕಲಿತ ವಿದ್ಯಾರ್ಥಿ, ಲೇಖಕನ ಹೆಸರನ್ನು ಪ್ರಾಮಾಣಿಕವಾಗಿ ಬರೆದು, ‘ದಟ್’ ಹಾಕಿ, ಲೇಖಕನ ವಾಕ್ಯವನ್ನು ಇದ್ದಂತೆಯೇ ಇಟ್ಟರೆ, ಕನ್ನಡದ ದೃಷ್ಟಿಯಿಂದ ಅವನು ಮಾಡಬೇಕಾದ್ದನ್ನು ಮಾಡಿದ್ದಾನೆ. ಇಂಗ್ಲಿಷ್ ಬರವಣಿಗೆಯ ದೃಷ್ಟಿಯಿಂದ ಅವನು ತಪ್ಪಿತಸ್ಥ. ತೇಪೆ ಬರವಣಿಗೆಯ ಒಂದು ಭಾಗವನ್ನಾದರೂ ಈ ವ್ಯತ್ಯಾಸ ವಿವರಿಸುತ್ತದೆ ಎಂಬುದು ನಮ್ಮ ಊಹೆ. ವಿದ್ಯಾರ್ಥಿ ಬರಹಗಳ ಸಂಗ್ರಹದಿಂದ ಇದನ್ನು ಪರೀಕ್ಷಿಸಲು ಸಾಧ್ಯವಿದೆ.

ಎರಡನೆಯದಾಗಿ, ಪದಕ್ರಮ. ಕನ್ನಡದಲ್ಲಿ ವರದಿಯ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ‘ಹೇಳಿದರು’, ‘ವಾದಿಸಿದರು’, ‘ಶಂಕಿಸಿದರು’ ಎಂಬುದು ಗೊತ್ತಾಗುವವರೆಗೆ ಓದುಗ ನಿಲುವನ್ನು ಕಾಯುತ್ತಾನೆ. ಇಂಗ್ಲಿಷಿನಲ್ಲಿ ಹೇಳುವವನೂ ನಿಲುವೂ ಮೊದಲು ಬಂದು ಹೇಳಿಕೆ ಆಮೇಲೆ ಬರುತ್ತದೆ. ಮೊದಲು ಹೇಳಿಕೆಯನ್ನು ಬರೆದುಕೊಂಡು ಹೋಗುವ ಅಭ್ಯಾಸವಿರುವವನು ಇಂಗ್ಲಿಷಿನಲ್ಲಿ ಹೇಳಿಕೆಯನ್ನು ಪೂರ್ಣವಾಕ್ಯವಾಗಿ ಮುಗಿಸಿಬಿಟ್ಟರೆ, ನಿಲುವಿಗೆ ಜಾಗವೇ ಉಳಿಯುವುದಿಲ್ಲ. ಪರರ ಮಾತು ಅವನದೇ ಪ್ರತಿಪಾದನೆಯಾಗಿ ನಿಲ್ಲುತ್ತದೆ.

ಮೂರನೆಯದಾಗಿ, ‘ಎಂದು’ ಮತ್ತು ‘ಎಂಬುದನ್ನು’ ಇವುಗಳ ಆಯ್ಕೆ. ‘ಎಂದು ಭಾವಿಸಿದರು’, ‘ಎಂದು ವಾದಿಸಿದರು’ ಸಹಜ. ‘ಎಂಬುದನ್ನು ಭಾವಿಸಿದರು’, ‘ಎಂಬುದನ್ನು ವಾದಿಸಿದರು’ ಕಿವಿಗೆ ಒಗ್ಗವು. ‘ಎಂಬುದನ್ನು ತೋರಿಸಿದರು’, ‘ಎಂಬುದನ್ನು ಒಪ್ಪಿದರು’, ‘ಎಂಬುದನ್ನು ಮರೆತರು’ ಸಹಜ. ಮೇಲುನೋಟಕ್ಕೆ ‘ಎಂಬುದು’ ಸತ್ಯವೆಂದು ಸ್ವೀಕೃತವಾದ ಹೇಳಿಕೆಯ ಗುರುತಿನಂತೆ ತೋರುತ್ತದೆ. ಆದರೆ ‘ಎಂಬುದನ್ನು ಅಲ್ಲಗಳೆದರು’ ಎಂಬುದೂ ಅಷ್ಟೇ ಸಹಜವಾಗಿರುವುದರಿಂದ ಆ ವಿವರಣೆ ನಿಲ್ಲದು. ಚರ್ಚೆಯಲ್ಲಿ ಈಗಾಗಲೇ ಉಪಸ್ಥಿತವಾಗಿರುವ ಹೇಳಿಕೆಯನ್ನು ಕೈಗೆತ್ತಿಕೊಳ್ಳುವಾಗ ‘ಎಂಬುದು’, ಹೇಳಿಕೆಯನ್ನು ಹೊಸದಾಗಿ ಒಬ್ಬರ ಬಾಯಿಂದ ಮಂಡಿಸುವಾಗ ‘ಎಂದು’ ಬರುತ್ತದೆ ಎನ್ನುವುದು ಹೆಚ್ಚು ಸರಿಯೆನಿಸುತ್ತದೆ. ಶೈಕ್ಷಣಿಕ ಓದುಗನಿಗೆ ಬೇಕಾದ ವಿವೇಕ ಇದೇ. ‘ಕ್ಲೇಮ್’, ‘ಆರ್ಗ್ಯು’, ‘ಸಜೆಸ್ಟ್’ ಒಂದು ಕಡೆ, ‘ಶೋ’, ‘ಅಕ್ನಾಲೆಜ್’, ‘ರಿಫ್ಯೂಟ್’ ಇನ್ನೊಂದು ಕಡೆ ಎಂದು ವಿಂಗಡಿಸಲು ಕನ್ನಡಿಗನಿಗೆ ಹೊಸ ತತ್ತ್ವ ಬೇಕಾಗಿಲ್ಲ. ಅವನ ವ್ಯಾಕರಣಪ್ರಜ್ಞೆಯಲ್ಲಿ ಅದರ ತಳಹದಿಯಿದೆ.

ಈ ಕ್ರಿಯಾಪದಗಳ ಆಯ್ಕೆ ಕ್ಷುಲ್ಲಕ ಸಂಗತಿಯಲ್ಲ. ಕೆನ್ ಹೈಲೆಂಡ್ 1999ರಲ್ಲಿ 8 ಶಾಸ್ತ್ರಗಳ 80 ಲೇಖನಗಳನ್ನು ಪರಿಶೀಲಿಸಿ, ಆಕರಗಳನ್ನು ಸೂಚಿಸುವ ರೀತಿಯೂ ವರದಿಯ ಕ್ರಿಯಾಪದಗಳೂ ಶಾಸ್ತ್ರದಿಂದ ಶಾಸ್ತ್ರಕ್ಕೆ ಬದಲಾಗುವುದನ್ನು ತೋರಿಸಿದರು. ತತ್ತ್ವಶಾಸ್ತ್ರದ ಬರಹ ‘ವಾದಿಸು’ವುದನ್ನು ಮೆಚ್ಚಿದರೆ ಎಂಜಿನಿಯರಿಂಗ್ ಬರಹ ‘ಸೂಚಿಸು’ವ, ‘ವರದಿ ಮಾಡು’ವ ಕಡೆಗೆ ವಾಲುತ್ತದೆ. ಎಲ್ಲ ವಿಭಾಗದ ವಿದ್ಯಾರ್ಥಿಗಳಿಗೂ ಒಂದೇ ‘ಸೇ’, ಒಂದೇ ‘ಟೆಲ್’ ಕೊಟ್ಟು ಕಳಿಸುವ ಬೋಧನೆ ಅವರನ್ನು ಯಾವ ಶಾಸ್ತ್ರದೊಳಕ್ಕೂ ಕರೆದೊಯ್ಯುವುದಿಲ್ಲ.

4. ಸೀಮೆಯ ಭಾಷೆಗಳ ಸಾಕ್ಷ್ಯ

ಇಲ್ಲಿ ಒಂದು ಸಹಜ ಪ್ರಶ್ನೆ ಏಳುತ್ತದೆ: ಕಲಬುರಗಿಯ ತರಗತಿಯಲ್ಲಿ ಎಲ್ಲರ ಮನೆಮಾತೂ ಕನ್ನಡವಲ್ಲ, ಕನ್ನಡವಿದ್ದವರದೂ ಪುಸ್ತಕದ ಕನ್ನಡವಲ್ಲ. ಈ ಭಾಗದ ಆಡುಮಾತಿನಲ್ಲಿ ಶ್ರುತಸೂಚಕ ‘ಅಂತೆ’ಯೂ ‘ಅಂತ’ ಎಂದೇ ಕೇಳಿಬರುತ್ತದೆ. ‘ಮಳಿ ಬರ್ತದಂತ’ ಎಂದರೆ ಮಳೆ ಬರುತ್ತದೆಂದು ಯಾರೋ ಹೇಳಿದ್ದಾರೆ. ಉದ್ಧರಣವಾಚಿಯೂ ‘ಅಂತ’ವೇ. ಎರಡನ್ನೂ ಸ್ಥಾನದಿಂದ ಬೇರ್ಪಡಿಸಬೇಕು: ವಾಕ್ಯಾಂತ್ಯದಲ್ಲಿ ನಿಂತರೆ ಅನಾಮಿಕ ಶ್ರುತಿ, ಮುಂದೆ ‘ಅಂದ’, ‘ಅಂತಾರ’ ಬಂದರೆ ಹೆಸರುಳ್ಳ ಆಕರ. ಇಷ್ಟು ಸೂಕ್ಷ್ಮವಾದ ಭೇದವನ್ನು ಮಗು ಶಾಲೆಗೆ ಬರುವ ಮೊದಲೇ ಕಲಿತಿರುತ್ತದೆ.

ನೆರೆಯ ಭಾಷೆಗಳೂ ಹೀಗೆಯೇ ನಡೆಯುತ್ತವೆ. ದಖನಿಯಲ್ಲಿ ಉದ್ಧರಣಕ್ಕೆ ‘ಬೋಲ್ಕೆ’, ಶ್ರುತಿಗೆ ‘ಕತೆ’. ಮರಾಠಿಯಲ್ಲಿ ‘ಮ್ಹಣೂನ್’ ಮತ್ತು ‘ಮ್ಹಣೇ’. ತೆಲುಗಿನಲ್ಲಿ ‘ಅನಿ’ ಮತ್ತು ‘ಅಟ’. ಎಮೆನೋ 1956ರಲ್ಲಿ ಭಾರತವನ್ನು ಒಂದು ಭಾಷಿಕ ಕ್ಷೇತ್ರವೆಂದು ಕರೆದ ಮೇಲೆ ಬೆಳೆದ ಚರ್ಚೆಯಲ್ಲಿ ‘ಹೇಳು’ ಎಂಬರ್ಥದ ಧಾತುವಿನಿಂದ ಉದ್ಧರಣವಾಚಿಯನ್ನು ರಚಿಸುವ ಈ ಲಕ್ಷಣಕ್ಕೆ ಪ್ರಮುಖ ಸ್ಥಾನವಿದೆ. ದಖನಿಯ ‘ಬೋಲ್ಕೆ’ ದ್ರಾವಿಡ ಭಾಷೆಗಳ ಸಂಪರ್ಕದಿಂದ ಬೆಳೆದದ್ದೆಂದು ವಿವರಿಸಲಾಗಿದೆ. ಹೀಗಾಗಿ ತರಗತಿಯ ಬಹುಭಾಷಿಕತೆ ನಮ್ಮ ಪ್ರಸ್ತಾವಕ್ಕೆ ಅಡ್ಡಿಯಾಗುವುದಿಲ್ಲ. ಇಂಗ್ಲಿಷಿನ ಎದುರು ಇವೆಲ್ಲವೂ ಒಂದೇ ಪಂಕ್ತಿಯಲ್ಲಿ ನಿಲ್ಲುತ್ತವೆ.

ಇತಿಹಾಸವೂ ಇಲ್ಲಿ ಪಾಠ ಹೇಳುತ್ತದೆ. ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಈ ಸೀಮೆಗೆ ಉನ್ನತ ಶಿಕ್ಷಣವೆಂದರೆ 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವಾಗಿತ್ತು. ಅಲ್ಲಿ ಬೋಧನೆಯ ಮಾಧ್ಯಮ ಉರ್ದು; ಅದಕ್ಕಾಗಿ ಒಂದು ಅನುವಾದ ಸಂಸ್ಥೆಯೇ ದುಡಿದು ಶಾಸ್ತ್ರಗ್ರಂಥಗಳನ್ನೂ ಪರಿಭಾಷೆಯನ್ನೂ ಸಿದ್ಧಪಡಿಸಿತು. ಶೈಕ್ಷಣಿಕ ಭಾಷೆ ತಾನಾಗಿ ಹುಟ್ಟುವುದಿಲ್ಲ, ಅದನ್ನು ಕಟ್ಟಬೇಕು ಎಂಬ ಅರಿವು ಆ ಪ್ರಯತ್ನದಲ್ಲಿತ್ತು. ಕನ್ನಡ ಮನೆಮಾತಿನವರಿಗೆ ಆ ಕಟ್ಟಡವೂ ಪರಭಾಷೆಯದೇ. ಮುಂದೆ ಉರ್ದುವಿನ ಸ್ಥಾನಕ್ಕೆ ಇಂಗ್ಲಿಷ್ ಬಂದಾಗ ಇಲ್ಲಿನ ಕನ್ನಡ ವಿದ್ಯಾರ್ಥಿ ಒಂದು ಪರಭಾಷೆಯಿಂದ ಇನ್ನೊಂದಕ್ಕೆ ಹೊರಳಿದನು. ಅವನ ಮನೆಮಾತಿನಿಂದ ಹೊರಟ ಸೇತುವೆಯನ್ನು ಯಾರೂ ಕಟ್ಟಲಿಲ್ಲ.

ಆದರೆ ಅದಕ್ಕೂ ಹಿಂದೆ, ಇದೇ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡದ ಆಸ್ಥಾನದಲ್ಲಿ, 9ನೆಯ ಶತಮಾನದಲ್ಲಿ, ಕವಿರಾಜಮಾರ್ಗ ರಚಿತವಾಯಿತು. ದಂಡಿಯ ಕಾವ್ಯಾದರ್ಶವನ್ನು ಆಧರಿಸಿಯೂ ಅದರ ಬರಿಯ ಅನುವಾದವಾಗದೆ, ಕನ್ನಡದ ಉದಾಹರಣೆ, ಕನ್ನಡದ ಪ್ರಯೋಗ, ಕನ್ನಡದ ಒಪ್ಪುತಪ್ಪುಗಳ ವಿಚಾರವನ್ನು ಅದು ಸೇರಿಸಿತು. ಪ್ರಬಲ ಶಾಸ್ತ್ರಭಾಷೆಯೊಂದರ ಮುಂದೆ ನಿಂತು ಆಕರವನ್ನು ಹೇಗೆ ಬಳಸಬೇಕು ಎಂಬುದಕ್ಕೆ ಈ ಸೀಮೆಯಲ್ಲಿಯೇ ಇರುವ ನಿದರ್ಶನವಿದು. ಅಂದಿನ ಆಕರನೀತಿಯನ್ನು ಇಂದಿನ ನಿಯಮಾವಳಿಯಿಂದ ಅಳೆಯಬಾರದು. ಆಕರವನ್ನು ತನ್ನ ಭಾಷೆಯಲ್ಲಿ ಮರಳಿ ಯೋಚಿಸುವ ಕ್ರಮವನ್ನಂತೂ ಕಲಿಯಬಹುದು.

5. ತರಗತಿಯಲ್ಲಿ ಏನಾಗಬಹುದು

ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬೆಳೆ. ಅಲ್ಲಿನ ವಿದ್ಯಾರ್ಥಿಗೆ ಅದು ಪರಿಚಿತ ವಿಷಯ. ನಾವೇ ರಚಿಸಿದ ಈ ಕೆಳಗಿನ ಸರಣಿಯನ್ನು ಗಮನಿಸಬಹುದು. ‘ಕೆಂಪು ಬಾಳಿಗಿ ಭಾಳ ದಿನ ಬೇಕಂತ’: ಇಲ್ಲಿ ಆಕರ ಅನಾಮಿಕ. ‘ಕೆಂಪು ಬಾಳಿಗಿ ಭಾಳ ದಿನ ಬೇಕಂತ ರೈತರು ಅಂತಾರ’: ಆಕರ ಬಂತು. ‘ಕೆಂಪು ಬಾಳೆ ಕೊಯ್ಲಿಗೆ ಬರಲು ಇತರ ತಳಿಗಳಿಗಿಂತ ಹೆಚ್ಚು ಕಾಲ ಬೇಕೆಂದು ಕಮಲಾಪುರದ ಬೆಳೆಗಾರರು ಹೇಳುತ್ತಾರೆ’: ಶಿಷ್ಟ ಕನ್ನಡದ ರೂಪ ಬಂತು. ‘ಹೆಚ್ಚು ಕಾಲ ಬೇಕೆಂಬುದನ್ನು ತೋಟಗಾರಿಕೆಯ ಬರಹಗಳೂ ಒಪ್ಪುತ್ತವೆ’: ಎರಡನೆಯ ಆಕರವೂ ಲೇಖಕನ ನಿಲುವೂ ಬಂದವು. ಈ ನಾಲ್ಕು ಮೆಟ್ಟಿಲುಗಳನ್ನು ಏರಿದ ಮೇಲೆ ಐದನೆಯದು ಇಂಗ್ಲಿಷಿನದು: ‘ರಿಪೋರ್ಟ್’ ಯಾರಿಗೆ, ‘ಕನ್‌ಫರ್ಮ್’ ಯಾರಿಗೆ, ಯಾವ ಪದಗಳು ರೈತರವು, ಯಾವುವು ತನ್ನವು, ಚಿಹ್ನೆ ಎಲ್ಲಿ ಬೇಕು. ಈ ಹೊತ್ತಿಗೆ ವಿಚಾರದ ಕೆಲಸ ಮುಗಿದಿರುತ್ತದೆ. ಉಳಿದದ್ದು ಇಂಗ್ಲಿಷಿನ ಕೆಲಸ ಮಾತ್ರ.

ಎನ್. ಎಸ್. ಪ್ರಭು 1979ರಿಂದ 1984ರವರೆಗೆ ನಡೆಸಿದ ಬೆಂಗಳೂರು ಯೋಜನೆಯ ಮೂಲ ಊಹೆ, ಕಲಿಯುವವನ ಗಮನ ಅರ್ಥದ ಮೇಲಿರುವಾಗ ರೂಪ ಹೆಚ್ಚು ಚೆನ್ನಾಗಿ ಬೆಳೆಯುತ್ತದೆ ಎಂಬುದಾಗಿತ್ತು. ಶಾಲೆಗಾಗಿ ರೂಪಿಸಿದ ಆ ಊಹೆಯನ್ನು ಪದವಿ ತರಗತಿಗೆ ತರುವಾಗ ‘ಯಾರು ಹೇಳಿದರು, ನೀನು ಒಪ್ಪುತ್ತೀಯಾ’ ಎಂಬ ಪ್ರಶ್ನೆಯೇ ಕಾರ್ಯವಾಗಬಲ್ಲದು. ಇದಕ್ಕೆ ಹೊಸ ಪತ್ರಿಕೆಯಾಗಲಿ ಹೊಸ ಹುದ್ದೆಯಾಗಲಿ ಬೇಕಾಗಿಲ್ಲ. ಕನ್ನಡ ಮತ್ತು ಇಂಗ್ಲಿಷ್ ಅಧ್ಯಾಪಕರು ಒಂದೇ ವಾರ ಒಂದೇ ಆಕರವನ್ನು ತಂತಮ್ಮ ತರಗತಿಯಲ್ಲಿ ಓದಿಸಿದರೆ ಸಾಕು. ಎಸ್. ಎನ್. ಶ್ರೀಧರ್ ಅವರ 1990ರ ವರ್ಣನಾತ್ಮಕ ವ್ಯಾಕರಣದಂಥ ಕೃತಿಗಳು ಇಂಗ್ಲಿಷ್ ಅಧ್ಯಾಪಕರ ಮೇಜಿನ ಮೇಲೂ ಇರಬೇಕಾದವು.

6. ಆಕ್ಷೇಪಗಳು ಮತ್ತು ಉಪಸಂಹಾರ

ನಮ್ಮ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಒಂದು, ಇದು ರಾಬರ್ಟ್ ಕಪ್ಲನ್ 1966ರಲ್ಲಿ ಮುಂದಿಟ್ಟ, ಭಾಷೆಗೊಂದು ಚಿಂತನಕ್ರಮವನ್ನು ಅಂಟಿಸುವ ವಾದದ ಮರುಕಳಿಕೆಯಲ್ಲವೇ? ಅಲ್ಲ. ಕನ್ನಡಿಗರು ಬೇರೆ ರೀತಿ ಯೋಚಿಸುತ್ತಾರೆಂದು ನಾವು ಹೇಳುತ್ತಿಲ್ಲ. ಒಂದು ಉದ್ಧರಣವಾಚಿಗೂ ಒಂದು ಸಂಯೋಜಕಕ್ಕೂ ಇರುವ ಕಾರ್ಯಭೇದವನ್ನಷ್ಟೇ ತೋರಿಸುತ್ತಿದ್ದೇವೆ. ಅದು ಸುಳ್ಳೆಂದು ಸಾಧಿಸಬಹುದಾದ ಹೇಳಿಕೆ. ಇನ್ನೊಂದು, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರೂ ನಕಲು ಮಾಡುತ್ತಾರಲ್ಲ? ನಿಜ. ಗೈಡು ಮತ್ತು ನೋಟ್ಸುಗಳಿಂದ ಉತ್ತರವನ್ನು ಆಕರವಿಲ್ಲದೆ ಒಪ್ಪಿಸುವ ಪರೀಕ್ಷಾಪದ್ಧತಿ ಎಲ್ಲ ಮಾಧ್ಯಮಗಳಿಗೂ ಸಮಾನ. ಅಲ್ಲಿ ‘ಯಾರು ಹೇಳಿದರು’ ಎಂದು ಬರೆದರೆ ಅಂಕ ಸಿಗುವುದಿಲ್ಲ. ವ್ಯಾಕರಣದ ಕಾರಣ ಈ ಕಾರಣದ ಜೊತೆಗೆ ಕೆಲಸ ಮಾಡುತ್ತದೆ. ಅದರ ಬದಲಿಗೆ ನಿಲ್ಲುವುದಿಲ್ಲ.

ಜಿಮ್ ಕಮಿನ್ಸ್ 1979ರಲ್ಲಿ ದಿನಬಳಕೆಯ ಭಾಷೆಯನ್ನೂ ಶೈಕ್ಷಣಿಕ ಭಾಷೆಯನ್ನೂ ಬೇರ್ಪಡಿಸಿದರು. ಒಂದು ಭಾಷೆಯಲ್ಲಿ ಗಳಿಸಿದ ಶೈಕ್ಷಣಿಕ ಸಾಮರ್ಥ್ಯ ಇನ್ನೊಂದರ ಕಲಿಕೆಗೆ ಆಧಾರವಾಗುತ್ತದೆಂದೂ ಹೇಳಿದರು. ಈ ವಿಂಗಡಣೆಯ ಒಂದು ಮಿತಿಯನ್ನು ಕಲಬುರಗಿ ಕಾಣಿಸುತ್ತದೆ: ಶೈಕ್ಷಣಿಕವೆನಿಸುವ ವಿವೇಕದ ಬೇರುಗಳು ದಿನಬಳಕೆಯ ‘ಅಂತ’ದಲ್ಲಿಯೇ ಇವೆ. ಕಮಲಾಪುರದಿಂದ ಬರುವ ವಿದ್ಯಾರ್ಥಿನಿ ಬರಿಗೈಯಲ್ಲಿ ಬರುತ್ತಾಳೆಂಬ ಪೂರ್ವಗ್ರಹದಿಂದ ರೂಪಿಸಿದ ಪಠ್ಯಕ್ರಮ ಅವಳಿಗೆ ಮೊದಲು ಅರ್ಜಿ ಬರೆಯಲು ಕಲಿಸುತ್ತದೆ. ಕೆಲವು ವರ್ಷಗಳ ನಂತರ ಅವಳ ಪ್ರಬಂಧದ ಸಾಮ್ಯವನ್ನು ತಂತ್ರಾಂಶದಿಂದ ಅಳೆಯುತ್ತದೆ. ಈ ಎರಡರ ನಡುವೆ ಪರರ ಮಾತನ್ನು ಹೊರುವ ಬಗೆಯನ್ನು ಕಲಿಸುವ ಕೆಲಸ ಯಾರ ಪಾಲಿಗೂ ಬಂದಿಲ್ಲ. ಪದವಿಯ ಮೊದಲ ವರ್ಷದ ಇಂಗ್ಲಿಷ್ ಪಾಠ ‘ಅಂತ’ದಿಂದಲೇ ಆರಂಭವಾದರೆ ಆ ಕೆಲಸಕ್ಕೆ ಒಂದು ತರಗತಿಯೂ ಒಬ್ಬ ಅಧ್ಯಾಪಕರೂ ದೊರೆತಂತಾಗುತ್ತದೆ.